ನಕ್ಷೆಯ ತಂತ್ರಾಂಶ ಬದಲಾದಾಗ: ಕಲಿಕೆಯ ಸಾಮಗ್ರಿಯನ್ನು ಆರಿಸಿಕೊಳ್ಳುವ ಬಗೆ

ಕಟ್ಟಡಗಳ ನಕ್ಷೆ ಸಿದ್ಧಪಡಿಸುವ ವೃತ್ತಿಯಲ್ಲಿರುವ ಹಿರಿಯರು ಒಂದೇ ಸೇವಾವಧಿಯಲ್ಲಿ ಮೂರನೆಯ ಬಾರಿ ವಿದ್ಯಾರ್ಥಿಗಳಾಗುತ್ತಿದ್ದಾರೆ. ಡ್ರಾಯಿಂಗ್ ಬೋರ್ಡು, ಟಿ-ಸ್ಕ್ವೇರ್, ಟ್ರೇಸಿಂಗ್ ಕಾಗದ, ಅಮೋನಿಯಾ ಪ್ರಿಂಟಿನ ವಾಸನೆ ಇವುಗಳ ನಡುವೆ ಕೆಲಸ ಕಲಿತವರು ತೊಂಬತ್ತರ ದಶಕದಲ್ಲಿ ಗಣಕಯಂತ್ರದ ಮುಂದೆ ಕುಳಿತು ಆಟೋಕ್ಯಾಡ್ ಕಲಿತರು. ಈಗ ಅದೂ ಸಾಲದಾಗಿ, ‘ಬಿಲ್ಡಿಂಗ್ ಇನ್‌ಫರ್ಮೇಶನ್ ಮಾಡೆಲಿಂಗ್’, ಸಂಕ್ಷಿಪ್ತವಾಗಿ ‘ಬಿಮ್’, ಎಂಬ ಪದ್ಧತಿಯ ತಂತ್ರಾಂಶಗಳತ್ತ ಕಚೇರಿಗಳು ಹೊರಳುತ್ತಿವೆ. ಮುಂಬಯಿ, ಪುಣೆ, ಹೈದರಾಬಾದುಗಳ ವಾಸ್ತುಶಿಲ್ಪ ಕಚೇರಿಗಳಲ್ಲಿ ಡ್ರಾಫ್ಟ್ಸ್‌ಮನ್ ಆಗಿ, ಸೈಟ್ ಇಂಜಿನಿಯರ್ ಆಗಿ, ಸ್ವತಂತ್ರ ವಾಸ್ತುಶಿಲ್ಪಿಗಳಾಗಿ ದುಡಿಯುತ್ತಿರುವ ಕನ್ನಡಿಗರಿಗೂ ಈ ಬದಲಾವಣೆ ತಟ್ಟಿದೆ.

“ಇನ್ನು ಮೂರು ತಿಂಗಳಲ್ಲಿ ಎಲ್ಲರೂ ರೆವಿಟ್ ಕಲಿತಿರಬೇಕು” ಎಂಬ ಒಂದು ಸಾಲಿನ ಸೂಚನೆ ಕಚೇರಿಯಲ್ಲಿ ಹೊರಟರೆ, ಅದರ ಪರಿಣಾಮ ಡೊಂಬಿವಲಿಯ ಅಥವಾ ಪಿಂಪ್ರಿಯ ಮನೆಯವರೆಗೂ ತಲುಪುತ್ತದೆ. ಗೃಹಸಾಲದ ಕಂತು ಇನ್ನೂ ಮುಗಿದಿರುವುದಿಲ್ಲ, ಮಕ್ಕಳ ಕಾಲೇಜು ಶುಲ್ಕ ಎದುರಿಗಿರುತ್ತದೆ, ವಯಸ್ಸು ಐವತ್ತರ ಸಮೀಪ ಬಂದಿರುತ್ತದೆ. ಆ ಗಾಬರಿಯಲ್ಲಿ ಮಾಡುವ ಮೊದಲ ಕೆಲಸವೆಂದರೆ ರೈಲು ನಿಲ್ದಾಣದ ಹೊರಗೆ ಫಲಕ ತೂಗುಹಾಕಿರುವ ಯಾವುದೋ ತರಬೇತಿ ಕೇಂದ್ರಕ್ಕೆ ಹಣ ಕಟ್ಟುವುದು, ಇಲ್ಲವೇ ಸಾವಿರ ಪುಟದ ಒಂದು ಪುಸ್ತಕ ತರುವುದು. ಪುಸ್ತಕ ಕಪಾಟು ಸೇರುತ್ತದೆ. ತರಬೇತಿಯ ಪ್ರಮಾಣಪತ್ರ ಗೋಡೆ ಸೇರುತ್ತದೆ. ಕಚೇರಿಯಲ್ಲಿ ಮಾತ್ರ ಕೈ ಓಡುವುದಿಲ್ಲ. ಇಲ್ಲಿ ದೋಷ ಕಲಿಯುವವರ ಬುದ್ಧಿಯದ್ದೆಂದು ಹೇಳಲಾಗದು. ಬಹುಪಾಲು ಸಂದರ್ಭಗಳಲ್ಲಿ ಅದು ಸಾಮಗ್ರಿಯ ಆಯ್ಕೆಯಲ್ಲಿದೆ. ಆದುದರಿಂದ ಆ ಆಯ್ಕೆಯ ಕುರಿತು ಸ್ವಲ್ಪ ವಿವರವಾಗಿ ವಿಚಾರ ಮಾಡುವುದು ಉಚಿತ.

ಬದಲಾಗಿರುವುದು ಏನು?

ಆಟೋಕ್ಯಾಡ್ ಮೊದಲು ಬಿಡುಗಡೆಯಾದುದು 1982ರ ಡಿಸೆಂಬರಿನಲ್ಲಿ. ಅದು ಮೂಲತಃ ಡ್ರಾಯಿಂಗ್ ಬೋರ್ಡಿನ ಗಣಕೀಕೃತ ರೂಪ. ಅದರಲ್ಲಿ ಗೋಡೆ ಎಂದರೆ ಎರಡು ಸಮಾನಾಂತರ ರೇಖೆಗಳು. ಅವು ಗೋಡೆ ಎಂಬುದು ಯಂತ್ರಕ್ಕೆ ತಿಳಿದಿರುವುದಿಲ್ಲ, ನೋಡುವವರಿಗೆ ಮಾತ್ರ ತಿಳಿದಿರುತ್ತದೆ. ಒಂದು ಕಿಟಕಿಯನ್ನು ಒಂದಡಿ ಸರಿಸಿದರೆ ತಳವಿನ್ಯಾಸ, ಮುಖನೋಟ, ಛೇದನೋಟ, ಬಾಗಿಲು-ಕಿಟಕಿಗಳ ಪಟ್ಟಿ ಹೀಗೆ ನಾಲ್ಕು ಕಡೆ ಪ್ರತ್ಯೇಕವಾಗಿ ತಿದ್ದಬೇಕು. ಒಂದು ಕಡೆ ಮರೆತರೆ ಸೈಟಿನಲ್ಲಿ ಮೇಸ್ತ್ರಿ ಎರಡು ನಕ್ಷೆಗಳನ್ನು ಕೈಯಲ್ಲಿ ಹಿಡಿದುಕೊಂಡು “ಇದರಲ್ಲಿ ಯಾವುದು ಸರಿ?” ಎಂದು ಕೇಳುತ್ತಾನೆ.

ಬಿಮ್ ಪದ್ಧತಿಯಲ್ಲಿ ಗೋಡೆಯನ್ನು ಗೋಡೆಯೆಂದೇ ಇರಿಸಲಾಗುತ್ತದೆ. ಅದಕ್ಕೆ ಎತ್ತರವಿದೆ, ಪದರಗಳಿವೆ, ಯಾವ ಮಟ್ಟದಿಂದ ಯಾವ ಮಟ್ಟದವರೆಗೆ ಎಂಬ ನಿಬಂಧನೆಯಿದೆ. ತಳವಿನ್ಯಾಸ, ಛೇದನೋಟ, ಪಟ್ಟಿಗಳೆಲ್ಲವೂ ಒಂದೇ ಮಾದರಿಯನ್ನು ಬೇರೆ ಬೇರೆ ದಿಕ್ಕಿನಿಂದ ನೋಡಿದ ನೋಟಗಳು. ಕಿಟಕಿಯನ್ನು ಒಂದು ಕಡೆ ಸರಿಸಿದರೆ ಎಲ್ಲ ಕಡೆಯೂ ಸರಿಯುತ್ತದೆ. ಈ ದಾರಿಯಲ್ಲಿ ಮೊದಲು ಹೆಜ್ಜೆಯಿಟ್ಟವುಗಳಲ್ಲಿ ಹಂಗೇರಿಯ ಗ್ರಾಫಿಸಾಫ್ಟ್ ಸಂಸ್ಥೆಯ ಆರ್ಕಿಕ್ಯಾಡ್ ಒಂದು. ಅದು ಎಂಬತ್ತರ ದಶಕದ್ದು. ರೆವಿಟ್ 2000ದಲ್ಲಿ ಅಮೆರಿಕದ ಒಂದು ಸಣ್ಣ ಸಂಸ್ಥೆಯಿಂದ ಹೊರಬಂತು. ಆಟೋಕ್ಯಾಡ್‌ನ ಒಡೆಯರಾದ ಆಟೋಡೆಸ್ಕ್ ಸಂಸ್ಥೆ ಅದನ್ನು 2002ರಲ್ಲಿ ಕೊಂಡುಕೊಂಡಿತು. ಬ್ರಿಟನ್ 2016ರ ಏಪ್ರಿಲ್‌ನಿಂದ ಕೇಂದ್ರ ಸರಕಾರದ ಕಾಮಗಾರಿಗಳಿಗೆ ಬಿಮ್ ಅನ್ನು ಕಡ್ಡಾಯ ಮಾಡಿದ ಮೇಲೆ ಆ ದೇಶದ ಕೆಲಸ ಪಡೆಯುವ ಭಾರತೀಯ ಕಚೇರಿಗಳೂ ಅತ್ತ ವಾಲಿದವು. ನಮ್ಮಲ್ಲಿ ನಾಗಪುರ ಮೆಟ್ರೋದಂತಹ ದೊಡ್ಡ ಯೋಜನೆಗಳಲ್ಲಿ ಈ ಪದ್ಧತಿ ಬಳಕೆಯಾಯಿತು. ಇಂದು ಸಾಧಾರಣ ಬಿಲ್ಡರುಗಳ ಕಚೇರಿಗೂ ಅದು ಬರುತ್ತಿದೆ.

ಆಟೋಕ್ಯಾಡ್‌ನಿಂದ ರೆವಿಟ್‌ಗೆ ಹೋಗುವುದು ನಮ್ಮಲ್ಲಿ ಅತಿ ಸಾಮಾನ್ಯವಾದ ಬದಲಾವಣೆಯಾದುದರಿಂದ ಮುಂದಿನ ಉದಾಹರಣೆಗಳನ್ನು ಅದರಿಂದಲೇ ಆಯ್ದುಕೊಳ್ಳಲಾಗಿದೆ. ಆರ್ಕಿಕ್ಯಾಡ್‌ಗೆ ಹೋಗುವವರಿಗೂ, ಉಚಿತ ತಂತ್ರಾಂಶಗಳಾದ ಫ್ರೀಕ್ಯಾಡ್ ಅಥವಾ ಬ್ಲೆಂಡರ್ ಆಧಾರಿತ ಬೋನ್ಸಾಯ್ ಕಡೆಗೆ ಹೋಗುವವರಿಗೂ ಇದರಲ್ಲಿನ ಬಹುಪಾಲು ಮಾತು ಅನ್ವಯಿಸುತ್ತದೆ.

ಅನುಭವವೇ ಅಡ್ಡ ಬರುವ ಬಗೆ

ಗಣಕಯಂತ್ರವನ್ನು ಜನ ಹೇಗೆ ಕಲಿಯುತ್ತಾರೆ ಎಂಬುದನ್ನು ಅಮೆರಿಕದ ಐ.ಬಿ.ಎಂ. ಸಂಸ್ಥೆಯ ವಾಟ್ಸನ್ ಸಂಶೋಧನಾ ಕೇಂದ್ರದಲ್ಲಿ ಜಾನ್ ಕ್ಯಾರೊಲ್ ಮತ್ತು ಅವರ ಸಹೋದ್ಯೋಗಿಗಳು ಎಂಬತ್ತರ ದಶಕದಲ್ಲಿಯೇ ಬಹಳ ಸೂಕ್ಷ್ಮವಾಗಿ ಅಭ್ಯಸಿಸಿದ್ದರು. ಮೇರಿ ಬೆತ್ ರಾಸನ್ ಅವರೊಡನೆ ಕ್ಯಾರೊಲ್ 1987ರಲ್ಲಿ ಬರೆದ ಪ್ರಬಂಧದಲ್ಲಿ ಎರಡು ಸಂಗತಿಗಳನ್ನು ಎತ್ತಿ ತೋರಿಸಿದರು. ಒಂದು, ಕೆಲಸವಿರುವ ಮನುಷ್ಯನಿಗೆ ಕಲಿಯುವುದಕ್ಕಿಂತ ಕೆಲಸ ಮುಗಿಸುವುದರ ಮೇಲೆಯೇ ಗಮನ. ಕೈಪಿಡಿಯನ್ನು ಮೊದಲ ಪುಟದಿಂದ ಓದುವ ತಾಳ್ಮೆ ಅವನಿಗಿರುವುದಿಲ್ಲ. ಎರಡು, ಹೊಸದನ್ನು ಅವನು ಹಳೆಯದರ ಅಚ್ಚಿನಲ್ಲಿಯೇ ಅರ್ಥಮಾಡಿಕೊಳ್ಳುತ್ತಾನೆ. ಎರಡೂ ಸಹಜವೇ. ಎರಡೂ ಸೇರಿದಾಗ ಅರ್ಧಂಬರ್ಧ ಕಲಿಕೆಯಲ್ಲಿಯೇ ಮನುಷ್ಯ ನಿಂತುಬಿಡುತ್ತಾನೆ.

ಈ ಎರಡನೆಯ ಸಂಗತಿ ನಮ್ಮ ವಿಷಯಕ್ಕೆ ಅಕ್ಷರಶಃ ಹೊಂದುತ್ತದೆ. ಇಪ್ಪತ್ತು ವರ್ಷ ಆಟೋಕ್ಯಾಡ್‌ನಲ್ಲಿ ಪಳಗಿದವರು ರೆವಿಟ್ ತೆರೆದೊಡನೆ ಕೇಳುವ ಮೊದಲ ಪ್ರಶ್ನೆ, “ಲೇಯರುಗಳು ಎಲ್ಲಿವೆ?” ಎಂಬುದು. ಲೇಯರುಗಳೇ ಅಲ್ಲಿಲ್ಲ. ವಸ್ತು ಗೋಡೆಯಾದರೆ ಗೋಡೆಯ ವರ್ಗಕ್ಕೆ, ಬಾಗಿಲಾದರೆ ಬಾಗಿಲಿನ ವರ್ಗಕ್ಕೆ ತಾನಾಗಿಯೇ ಸೇರುತ್ತದೆ. ಕೆಂಪು ಬಣ್ಣದ ರೇಖೆ ತೆಳ್ಳಗೆ, ಹಳದಿಯದು ದಪ್ಪಗೆ ಎಂದು ಬಣ್ಣದಿಂದ ಮುದ್ರಣದ ದಪ್ಪವನ್ನು ನಿರ್ಧರಿಸುವ ಹಳೆಯ ರೂಢಿಯೂ ಅಲ್ಲಿ ನಡೆಯುವುದಿಲ್ಲ. ಹೀಗಾಗಿ ಅನೇಕರು ಹಳೆಯ ನಕ್ಷೆಯ ಫೈಲನ್ನು ರೆವಿಟ್ ಒಳಗೆ ತಂದು, ಒಡೆದು, ರೇಖೆಗಳ ಮೇಲೆ ರೇಖೆ ಎಳೆಯುತ್ತ ಕುಳಿತುಬಿಡುತ್ತಾರೆ. ಫೈಲು ಭಾರವಾಗುತ್ತದೆ, ಮಾದರಿ ಹುಟ್ಟುವುದೇ ಇಲ್ಲ. ದುಬಾರಿ ಹೊಸ ಗಾಡಿಯನ್ನು ಕೊಂಡು ಎತ್ತುಗಳಿಂದ ಎಳೆಸಿದಂತಾಗುತ್ತದೆ. ಹಳೆಯ ನಕ್ಷೆಯನ್ನು ಒಡೆಯದೆ, ಹೊರಗಿನಿಂದ ‘ಲಿಂಕ್’ ಮಾಡಿಕೊಂಡು ಆಧಾರವಾಗಿ ಮಾತ್ರ ಬಳಸಬೇಕೆಂಬ ಸಣ್ಣ ವಿಷಯವನ್ನು ಮೊದಲ ವಾರವೇ ಹೇಳಿಕೊಡುವ ಸಾಮಗ್ರಿ ನೂರು ಆಜ್ಞೆಗಳನ್ನು ಕಲಿಸುವ ಸಾಮಗ್ರಿಗಿಂತ ಮೇಲು.

ಕ್ಯಾರೊಲ್ ತಂಡದವರು ಇದಕ್ಕೆ ಪರಿಹಾರವಾಗಿ ‘ಕಿರು ಕೈಪಿಡಿ’ಯನ್ನು ರಚಿಸಿ ಪರೀಕ್ಷಿಸಿದರು. ಅದರಲ್ಲಿ ಮುನ್ನುಡಿ, ಸಿದ್ಧಾಂತಗಳನ್ನು ಕತ್ತರಿಸಿ, ನಿಜವಾದ ಕೆಲಸವೊಂದನ್ನು ಮೊದಲ ಪುಟಗಳಲ್ಲಿಯೇ ಕೊಟ್ಟು, ತಪ್ಪಾದರೆ ಅದನ್ನು ಗುರುತಿಸುವುದು ಹೇಗೆ, ಹಿಂದೆ ಬರುವುದು ಹೇಗೆ ಎಂಬುದಕ್ಕೆ ಜಾಗ ಬಿಡಲಾಗಿತ್ತು. ದಪ್ಪ ಕೈಪಿಡಿಯಿಂದ ಕಲಿತವರಿಗಿಂತ ಇದರಿಂದ ಕಲಿತವರು ಬೇಗನೆ ಕೆಲಸಕ್ಕೆ ತೊಡಗಿದರು. 1990ರಲ್ಲಿ ಪ್ರಕಟವಾದ ‘ದ ನ್ಯೂರ್ನ್‌ಬರ್ಗ್ ಫನಲ್’ ಎಂಬ ಪುಸ್ತಕದಲ್ಲಿ ಈ ವಿಚಾರವೆಲ್ಲ ಇದೆ. ತಲೆಗೆ ಆಲಿಕೆಯಿಟ್ಟು ಜ್ಞಾನವನ್ನು ಸುರಿಯುವ ಜರ್ಮನಿಯ ಹಳೆಯ ದಂತಕಥೆಯಿಂದ ಆ ಹೆಸರು ಬಂದಿದೆ. ನಮ್ಮ ತರಬೇತಿ ಕೇಂದ್ರಗಳಲ್ಲಿ ಆಲಿಕೆ ಇನ್ನೂ ಚಾಲ್ತಿಯಲ್ಲಿದೆ ಎನ್ನದೆ ವಿಧಿಯಿಲ್ಲ.

ಪುಸ್ತಕವನ್ನು ಪರೀಕ್ಷಿಸುವ ಕ್ರಮ

ಅಂಗಡಿಯಲ್ಲಾಗಲಿ, ಅಂತರಜಾಲದ ಮಾದರಿ ಪುಟಗಳಲ್ಲಾಗಲಿ, ಮೊದಲು ನೋಡಬೇಕಾದುದು ಪರಿವಿಡಿಯನ್ನು. ಅಧ್ಯಾಯಗಳು ಮೆನುವಿನ ಕ್ರಮದಲ್ಲಿದ್ದರೆ, ಅಂದರೆ ಗೋಡೆಯ ಎಲ್ಲ ಆಯ್ಕೆಗಳು, ಆಮೇಲೆ ಬಾಗಿಲಿನ ಎಲ್ಲ ಆಯ್ಕೆಗಳು ಎಂದು ಸಾಗಿದರೆ, ಅದು ಆಕರಗ್ರಂಥ. ಮುಂದೆಂದೋ ಬೇಕಾಗಬಹುದು, ಕಲಿಯಲು ತಕ್ಕುದಲ್ಲ. ಒಂದು ಸಣ್ಣ ಕಟ್ಟಡವನ್ನು ಮಟ್ಟಗಳು ಮತ್ತು ಗ್ರಿಡ್‌ಗಳಿಂದ ಆರಂಭಿಸಿ, ಗೋಡೆ, ಸ್ಲ್ಯಾಬ್, ಮೆಟ್ಟಿಲುಗಳ ಮೂಲಕ ಸಾಗಿ, ಪಟ್ಟಿಗಳನ್ನು ತಯಾರಿಸಿ, ಶೀಟಿನ ಮೇಲೆ ಜೋಡಿಸಿ, ಮುದ್ರಿಸುವವರೆಗೆ ಕೊಂಡೊಯ್ಯುವ ಪುಸ್ತಕವೇ ಮೊದಲ ಪುಸ್ತಕ. ಬಣ್ಣಬಣ್ಣದ ಮೂರು ಆಯಾಮದ ಚಿತ್ರಗಳಲ್ಲಿಯೇ ಮುಗಿದುಹೋಗುವ ಪುಸ್ತಕಗಳು ಬಹಳಿವೆ. ಕಚೇರಿಗೆ ಬೇಕಾದುದು ಸೈಟಿಗೆ ಕಳುಹಿಸುವ ಶೀಟು.

ಎರಡನೆಯದಾಗಿ, ಕೊನೆಯ ಪುಟಗಳ ಪದಸೂಚಿಯನ್ನು ನೋಡಬೇಕು. ಅಲ್ಲಿ ‘ವ್ಯೂ ರೇಂಜ್’ ಎಂಬ ಪದ ಇದೆಯೇ, ಅದಕ್ಕೆ ಎಷ್ಟು ಪುಟಗಳನ್ನು ಕೊಟ್ಟಿದ್ದಾರೆ ಎಂದು ಗಮನಿಸಬೇಕು. ಹೊಸಬರು ಮೊದಲ ತಿಂಗಳು ಅತಿ ಹೆಚ್ಚು ಕಂಗೆಡುವುದು “ಗೋಡೆ ಎಳೆದೆ, ಆದರೆ ಕಾಣುತ್ತಿಲ್ಲ” ಎಂಬಲ್ಲಿ. ತಳವಿನ್ಯಾಸವೆಂದರೆ ಕಟ್ಟಡವನ್ನು ನಿರ್ದಿಷ್ಟ ಎತ್ತರದಲ್ಲಿ ಅಡ್ಡಲಾಗಿ ಕತ್ತರಿಸಿ ಕೆಳಗೆ ನೋಡಿದ ನೋಟವೆಂಬುದನ್ನು ರೆವಿಟ್ ನಿಜಕ್ಕೂ ಪಾಲಿಸುತ್ತದೆ. ಆ ಎತ್ತರದ ವ್ಯಾಪ್ತಿಯ ಹೊರಗಿರುವ ವಸ್ತು ಮಾದರಿಯಲ್ಲಿದ್ದರೂ ಕಾಣದು. ಬಚ್ಚಲುಮನೆಯ ಮೇಲ್ಗಡೆಯ ಸಣ್ಣ ವೆಂಟಿಲೇಟರ್ ತಳವಿನ್ಯಾಸದಲ್ಲಿ ಮಾಯವಾಗುವುದು ಇದರಿಂದಲೇ. ಇಂತಹ ಸಮಸ್ಯೆಗೆ ಮೂರು ಸಾಲು ಕೊಟ್ಟು ಮುಂದೆ ಹೋಗುವ ಪುಸ್ತಕ ಓದುಗನನ್ನು ನಡುನೀರಿನಲ್ಲಿ ಬಿಟ್ಟಂತೆಯೇ.

ಆವೃತ್ತಿಯ ಪ್ರಶ್ನೆಯೂ ಇದೆ. ಎರಡು ಮೂರು ವರ್ಷ ಹಿಂದಿನ ಪುಸ್ತಕ ಅರ್ಧ ಬೆಲೆಗೆ ಸಿಕ್ಕರೆ ತೆಗೆದುಕೊಳ್ಳಲು ಹಿಂಜರಿಯಬೇಕಿಲ್ಲ. ಮೂಲ ತತ್ತ್ವಗಳು ವರ್ಷವರ್ಷವೂ ಬದಲಾಗುವುದಿಲ್ಲ. ಆದರೆ 2010ರ ಆವೃತ್ತಿಗಿಂತ ಹಿಂದಿನ ಪುಸ್ತಕಗಳು ಬೇಡ. ಆ ಆವೃತ್ತಿಯಲ್ಲಿ ಪರದೆಯ ಮೇಲಿನ ಗುಂಡಿಗಳ ವಿನ್ಯಾಸವೇ ಬದಲಾಯಿತು. ಇನ್ನೊಂದು ಮುಖ್ಯ ಎಚ್ಚರವಿದೆ. ಹೊಸ ಆವೃತ್ತಿಯ ರೆವಿಟ್ ಹಳೆಯ ಫೈಲನ್ನು ತೆರೆಯುತ್ತದೆ, ಆದರೆ ಹೊಸದರಲ್ಲಿ ಉಳಿಸಿದ ಫೈಲನ್ನು ಹಳೆಯದರಲ್ಲಿ ತೆರೆಯಲಾಗದು. ಹಳೆಯ ಆವೃತ್ತಿಯಾಗಿ ಉಳಿಸುವ ಸೌಲಭ್ಯವೂ ಅದರಲ್ಲಿಲ್ಲ. ಆಟೋಕ್ಯಾಡ್‌ನಲ್ಲಿ ಆ ಅನುಕೂಲಕ್ಕೆ ಒಗ್ಗಿಹೋದವರಿಗೆ ಇದು ಆಘಾತವೇ ಸರಿ. ಆದುದರಿಂದ ಪುಸ್ತಕದೊಡನೆ ಬರುವ ಅಭ್ಯಾಸದ ಫೈಲುಗಳು ತಮ್ಮ ಕಚೇರಿಯ ಆವೃತ್ತಿಗಿಂತ ಹೊಸದಾಗಿರಬಾರದು.

ನಮ್ಮ ಗೋಡೆ, ಅವರ ಗೋಡೆ

ಈ ವಿಷಯದಲ್ಲಿ ನಾವು ಅತ್ಯಂತ ಕಡಿಮೆ ಗಮನ ಕೊಡುವ ಅಂಶ ಇದು. ಪೇಟೆಯಲ್ಲಿರುವ ಪುಸ್ತಕ, ವಿಡಿಯೋಗಳಲ್ಲಿ ಹೆಚ್ಚಿನವು ಅಮೆರಿಕದ ಕಟ್ಟಡ ಪದ್ಧತಿಗೆ ಅನುಗುಣವಾಗಿವೆ. ಅಲ್ಲಿನ ಮನೆಯ ಗೋಡೆಯೆಂದರೆ ಮರದ ಅಥವಾ ತಗಡಿನ ಚೌಕಟ್ಟು, ಎರಡೂ ಬದಿಗೆ ಜಿಪ್ಸಂ ಹಲಗೆ. ಅಳತೆ ಅಡಿ-ಅಂಗುಲಗಳಲ್ಲಿ. ಛಾವಣಿ ಇಳಿಜಾರು. ಅಂತಹ ಮನೆಯೊಂದನ್ನು ಪುಸ್ತಕದಂತೆ ಚಾಚೂ ತಪ್ಪದೆ ಕಟ್ಟಿ ಮುಗಿಸಿದವರು ಸೋಮವಾರ ಕಚೇರಿಗೆ ಹೋಗಿ ಠಾಣೆಯ ಏಳು ಅಂತಸ್ತಿನ ಕಟ್ಟಡಕ್ಕೆ ಕೈಹಾಕಿದರೆ ಮತ್ತೆ ಮೊದಲಿನಿಂದ ಆರಂಭಿಸಬೇಕಾಗುತ್ತದೆ.

ನಮ್ಮಲ್ಲಿ ಕಾಂಕ್ರೀಟಿನ ಕಾಲಂ-ಬೀಮುಗಳ ಚೌಕಟ್ಟು, ನಡುವೆ ಇಟ್ಟಿಗೆಯ ಅಥವಾ ಹಗುರ ಬ್ಲಾಕುಗಳ ಗೋಡೆ. ಒಂಬತ್ತಂಗುಲದ ಗೋಡೆಯನ್ನು 230 ಮಿಲಿಮೀಟರ್ ಎಂದೂ, ನಾಲ್ಕೂವರೆ ಅಂಗುಲದ್ದನ್ನು 115 ಎಂದೂ ಬರೆಯುತ್ತೇವೆ. ಅದರ ಮೇಲೆ ಪ್ಲಾಸ್ಟರ್. ಗೋಡೆ ನಿಲ್ಲುವುದು ಬೀಮಿನ ತಳಕ್ಕೆ. ರೆವಿಟ್‌ನಲ್ಲಿ ಗೋಡೆಯನ್ನು ಮೇಲಿನ ಮಟ್ಟಕ್ಕೆ ಕಟ್ಟಿದರೆ ಅದು ಬೀಮನ್ನೂ ಸ್ಲ್ಯಾಬನ್ನೂ ಹಾದು ಹೋಗುತ್ತದೆ. ಅವುಗಳನ್ನು ಒಂದಕ್ಕೊಂದು ಜೋಡಿಸುವ ಕ್ರಮ ತಿಳಿಯದಿದ್ದರೆ ಇಟ್ಟಿಗೆಯ ಲೆಕ್ಕವೂ ಕಾಂಕ್ರೀಟಿನ ಲೆಕ್ಕವೂ ಒಂದೇ ಜಾಗವನ್ನು ಎರಡು ಸಲ ಎಣಿಸುತ್ತವೆ. ಬಚ್ಚಲುಮನೆಯ ತಗ್ಗಿದ ಸ್ಲ್ಯಾಬು, ಕಿಟಕಿಯ ಮೇಲಿನ ಸಜ್ಜಾ, ತಾರಸಿಯ ನೀರುನಿರೋಧಕ ಇಳಿಜಾರು, ನೆಲಹಾಸಿನ ಮಟ್ಟಕ್ಕೂ ಸ್ಲ್ಯಾಬಿನ ಮಟ್ಟಕ್ಕೂ ಇರುವ ವ್ಯತ್ಯಾಸ ಇವು ಯಾವ ಅಮೆರಿಕನ್ ಪಾಠದಲ್ಲಿಯೂ ನಮ್ಮ ರೀತಿಯಲ್ಲಿ ಬರಲಾರವು. ಆದುದರಿಂದ ಮೊದಲ ಪುಸ್ತಕ ಹೊರದೇಶದ್ದಾಗಿದ್ದರೂ, ಅಭ್ಯಾಸದ ಕಟ್ಟಡ ನಮ್ಮದಾಗಿರಬೇಕು. ತಾವೇ ಹಿಂದೆ ಆಟೋಕ್ಯಾಡ್‌ನಲ್ಲಿ ನಕ್ಷೆ ಬರೆದ, ಈಗಾಗಲೇ ಕಟ್ಟಿ ಮುಗಿದಿರುವ, ಎರಡು ಅಂತಸ್ತಿನ ಒಂದು ಬಂಗಲೆಯನ್ನು ಆರಿಸಿಕೊಳ್ಳುವುದು ಅತ್ಯುತ್ತಮ. ಕಟ್ಟಡ ಹೇಗಿದೆಯೆಂಬುದು ಗೊತ್ತಿರುವುದರಿಂದ ಗಮನವೆಲ್ಲ ತಂತ್ರಾಂಶದ ಮೇಲೆ ನಿಲ್ಲುತ್ತದೆ. ಉತ್ತರ ಸರಿಯೋ ತಪ್ಪೋ ಎಂದು ಹೋಲಿಸಲು ಹಳೆಯ ನಕ್ಷೆ ಕೈಯಲ್ಲಿಯೇ ಇರುತ್ತದೆ.

ಕಾರ್ಪೆಟ್ ಏರಿಯಾದ ಲೆಕ್ಕವನ್ನು ಪ್ರತ್ಯೇಕವಾಗಿ ಹೇಳಲೇಬೇಕು. ಇದು ಮನೆ ಕೊಳ್ಳುವ ನಮ್ಮೆಲ್ಲರಿಗೂ ಸಂಬಂಧಿಸಿದ್ದು. ‘ರೇರಾ’ ಎಂದು ಪರಿಚಿತವಾದ 2016ರ ಕಾಯ್ದೆಯ ಪ್ರಕಾರ ಕಾರ್ಪೆಟ್ ಏರಿಯಾದಲ್ಲಿ ಹೊರಗೋಡೆಗಳು, ಸರ್ವಿಸ್ ಶಾಫ್ಟ್‌ಗಳು, ಬಾಲ್ಕನಿ, ತೆರೆದ ತಾರಸಿಗಳು ಸೇರುವುದಿಲ್ಲ. ಮನೆಯೊಳಗಿನ ಅಡ್ಡಗೋಡೆಗಳು ಆಕ್ರಮಿಸಿದ ಜಾಗ ಸೇರುತ್ತದೆ. ರೆವಿಟ್‌ನಲ್ಲಿ ‘ರೂಮ್’ ಎಂಬ ಸಾಧನ ಕೊಡುವ ವಿಸ್ತೀರ್ಣ ಗೋಡೆಯ ಮೈಯಿಂದ ಮೈಗೆ ಅಳೆದುದಾದರೆ ಅಡ್ಡಗೋಡೆಗಳು ಬಿಟ್ಟುಹೋಗುತ್ತವೆ. ಗೋಡೆಯ ನಡುವಿನಿಂದ ಅಳೆಯುವ ಆಯ್ಕೆ ಮಾಡಿದರೆ ಅಡ್ಡಗೋಡೆಗಳು ಸೇರುತ್ತವೆ, ಆದರೆ ಹೊರಗೋಡೆಯ ಅರ್ಧವೂ ಸೇರಿಬಿಡುತ್ತದೆ. ಎರಡೂ ಕಾನೂನಿನ ಲೆಕ್ಕವಲ್ಲ. ‘ಏರಿಯಾ ಪ್ಲಾನ್’ ಎಂಬ ಬೇರೊಂದು ಸಾಧನದಿಂದ ಎಲ್ಲೆಯನ್ನು ತಾವೇ ಗುರುತಿಸಿ ಲೆಕ್ಕ ತೆಗೆಯಬೇಕು. ರೂಮಿನ ಅಂಕಿಗಳನ್ನು ಕೂಡಿಸಿ ಕಾರ್ಪೆಟ್ ಏರಿಯಾ ಎಂದು ಕೊಡುವ ವ್ಯಕ್ತಿ ಒಂದಲ್ಲ ಒಂದು ದಿನ ಮಾಲಿಕರಿಗೂ ಗ್ರಾಹಕರಿಗೂ ಉತ್ತರ ಹೇಳಬೇಕಾಗುತ್ತದೆ. ತರಬೇತಿ ಕೇಂದ್ರವೊಂದರ ಯೋಗ್ಯತೆ ತಿಳಿಯಲು ಈ ಒಂದು ಪ್ರಶ್ನೆ ಸಾಕು: “ರೇರಾ ಪ್ರಕಾರದ ಕಾರ್ಪೆಟ್ ಏರಿಯಾವನ್ನು ರೆವಿಟ್‌ನಲ್ಲಿ ಹೇಗೆ ತೆಗೆಯುವುದನ್ನು ನೀವು ಕಲಿಸುತ್ತೀರಿ?” ಎಂದು ಕೇಳಿ ನೋಡಬೇಕು.

ಇದರ ಜೊತೆಗೇ ಇನ್ನೊಂದು ವಾಸ್ತವವಿದೆ. ಕಚೇರಿ ರೆವಿಟ್‌ಗೆ ಹೋದರೂ ನಗರಪಾಲಿಕೆಗೆ, ಸ್ಟ್ರಕ್ಚರಲ್ ಸಲಹೆಗಾರರಿಗೆ, ಗುತ್ತಿಗೆದಾರರಿಗೆ ಆಟೋಕ್ಯಾಡ್ ರೂಪದ ಫೈಲು ಕೊಡಬೇಕಾದ ಪ್ರಸಂಗ ಬರುತ್ತಲೇ ಇರುತ್ತದೆ. ಅದೂ ನಿಗದಿತ ಲೇಯರ್ ಹೆಸರುಗಳೊಡನೆ. ರೆವಿಟ್‌ನ ವರ್ಗಗಳನ್ನು ಯಾವ ಯಾವ ಲೇಯರಿಗೆ ಕಳುಹಿಸಬೇಕೆಂಬ ಕೋಷ್ಟಕವನ್ನು ಒಮ್ಮೆ ಸಿದ್ಧಪಡಿಸಿಕೊಂಡರೆ ಕೆಲಸ ಸುಗಮ. ಈ ಅಧ್ಯಾಯವಿಲ್ಲದ ಪಾಠಕ್ರಮ ನಮ್ಮ ದೇಶದ ಕಚೇರಿಗೆ ಅಪೂರ್ಣ.

ವಿಡಿಯೋ, ತರಗತಿ, ಭಾಷೆ

ಯೂಟ್ಯೂಬಿನಲ್ಲಿ ಉಚಿತ ಪಾಠಗಳು ಹೇರಳ. ಒಂದು ನಿರ್ದಿಷ್ಟ ತೊಡಕನ್ನು ಬಿಡಿಸಿಕೊಳ್ಳಲು ಅವುಗಳಿಗೆ ಸಮನಾದುದಿಲ್ಲ. ಆದರೆ ಕ್ರಮಬದ್ಧ ಕಲಿಕೆಗೆ ಹತ್ತು ಜನರ ಹತ್ತು ವಿಡಿಯೋಗಳನ್ನು ಬೆರೆಸಿದರೆ ಗೊಂದಲವೇ ಹೆಚ್ಚು. ಇನ್ನೊಂದು ತೊಂದರೆಯೆಂದರೆ, ನೋಡುವಾಗ ಎಲ್ಲವೂ ಸುಲಭವೆನಿಸುತ್ತದೆ. ಕ್ರಿಕೆಟ್ ನೋಡಿದವರೆಲ್ಲ ಬ್ಯಾಟು ಹಿಡಿಯಬಲ್ಲೆವೆಂದುಕೊಂಡಂತೆ. ಹತ್ತು ನಿಮಿಷ ನೋಡಿ, ನಿಲ್ಲಿಸಿ, ಅಷ್ಟನ್ನು ಮಾಡಿ, ಆಮೇಲೆ ಮುಂದುವರಿಯಬೇಕು. ಮುಂಬಯಿಯ ಐ.ಐ.ಟಿ.ಯ ‘ಸ್ಪೋಕನ್ ಟ್ಯುಟೋರಿಯಲ್’ ಯೋಜನೆ ಇದೇ ತತ್ತ್ವದ ಮೇಲೆ ರೂಪುಗೊಂಡದ್ದು. ಸುಮಾರು ಹತ್ತು ನಿಮಿಷಗಳ ಪಾಠಗಳನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡು ಜೊತೆಜೊತೆಗೆ ಮಾಡುತ್ತ ಹೋಗುವಂತೆ ಅವು ರಚಿತವಾಗಿವೆ. ಆ ಯೋಜನೆ ಮುಕ್ತ ತಂತ್ರಾಂಶಗಳಿಗೆ ಸೀಮಿತವಾದುದರಿಂದ ರೆವಿಟ್ ಅಲ್ಲಿ ದೊರೆಯದು. ಬ್ಲೆಂಡರ್‌ನ ಪಾಠಗಳಿವೆ. ಯೋಜನೆಯ ಪಾಠಗಳಿಗೆ ಭಾರತೀಯ ಭಾಷೆಗಳ ಧ್ವನಿ ನೀಡಲಾಗಿದ್ದು, ಕನ್ನಡವೂ ಅವುಗಳಲ್ಲೊಂದು ಎಂಬುದು ನಮಗೆ ಸಂತೋಷದ ವಿಷಯ. ರೆವಿಟ್ ಕಲಿಯುವವರೂ ಒಂದೆರಡು ಪಾಠಗಳನ್ನು ನೋಡಿ, ಒಳ್ಳೆಯ ವಿಡಿಯೋ ಪಾಠ ಹೇಗಿರಬೇಕೆಂಬುದನ್ನು ತಿಳಿಯಬಹುದು.

ತಯಾರಕ ಸಂಸ್ಥೆಯದೇ ಆದ ಸಹಾಯ ಪುಟಗಳನ್ನೂ, ತಂತ್ರಾಂಶದೊಡನೆ ಒದಗಿಸುವ ಮಾದರಿ ಕಟ್ಟಡಗಳ ಫೈಲುಗಳನ್ನೂ ನಮ್ಮವರು ಉಪೇಕ್ಷಿಸುವುದೇ ಹೆಚ್ಚು. ಮಾದರಿ ಫೈಲನ್ನು ತೆರೆದು, ಅದರ ಗೋಡೆಯೊಂದನ್ನು ಆರಿಸಿ, ಅದು ಯಾವ ಮಟ್ಟಕ್ಕೆ ಕಟ್ಟಿದೆ, ಪಟ್ಟಿಯನ್ನು ಹೇಗೆ ಮಾಡಿದ್ದಾರೆ ಎಂದು ಬಿಚ್ಚಿ ನೋಡುವುದು ಹಣವಿಲ್ಲದೆ ದೊರೆಯುವ ಉತ್ತಮ ಪಾಠ.

ತರಗತಿಗಳ ವಿಷಯಕ್ಕೆ ಬಂದರೆ, ಹಣ ಕಟ್ಟುವ ಮೊದಲು ಒಂದು ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತು ನೋಡಲು ಅವಕಾಶ ಕೇಳಬೇಕು. ಕಲಿಸುವವರು ಎಂದಾದರೂ ನಿಜವಾದ ಕಟ್ಟಡದ ನಕ್ಷೆ ಮಾಡಿದ್ದಾರೆಯೇ, ಇಲ್ಲವೇ ಕಳೆದ ವರ್ಷ ಅದೇ ಕೇಂದ್ರದಲ್ಲಿ ಕಲಿತು ಈ ವರ್ಷ ಕಲಿಸುತ್ತಿದ್ದಾರೆಯೇ ಎಂಬುದು ಹತ್ತು ನಿಮಿಷದಲ್ಲಿ ತಿಳಿಯುತ್ತದೆ. ‘ನೂರಕ್ಕೆ ನೂರು ನೌಕರಿ’ ಎಂಬ ಫಲಕವಿರುವಲ್ಲಿ ಕಾಲಿಡದಿರುವುದೇ ಕ್ಷೇಮ. ಕೆಲವು ಕಡೆ ಪೆನ್‌ಡ್ರೈವಿನಲ್ಲಿ ಕದ್ದ ತಂತ್ರಾಂಶವನ್ನು ‘ಉಚಿತ’ವೆಂದು ಕೊಡುವ ರೂಢಿಯಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮಿನಂತೆ, ತಿಳಿದೂ ತಿಳಿದು ಅಂತಹ ಪ್ರತಿಯನ್ನು ಬಳಸುವುದಕ್ಕೆ ಏಳು ದಿನಗಳಿಂದ ಮೂರು ವರ್ಷಗಳವರೆಗೆ ಸೆರೆಮನೆ, 50,000 ರೂಪಾಯಿಗಳಿಂದ 2 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದು. ಕೇಂದ್ರದವರು ಕೊಟ್ಟರೆಂಬುದು ನಮ್ಮ ಮನೆಯ ಗಣಕಯಂತ್ರಕ್ಕೆ ರಕ್ಷಣೆಯಾಗದು. ಮನೆಯಲ್ಲಿ ಆರ್ಕಿಟೆಕ್ಚರ್ ಓದುವ ಮಗಳೋ ಮಗನೋ ಇದ್ದರೆ ಆಟೋಡೆಸ್ಕ್ ಸಂಸ್ಥೆ ವಿದ್ಯಾರ್ಥಿಗಳಿಗೆ ಕೊಡುವ ಉಚಿತ ಪರವಾನಗಿ ಅವರ ಓದಿಗೆ ದೊರೆಯುತ್ತದೆ. ಆದರೆ ಅದರಲ್ಲಿ ತಂದೆಯವರ ಕಚೇರಿಯ ಕೆಲಸ ಮಾಡುವಂತಿಲ್ಲ. ಆ ಪರವಾನಗಿ ವಾಣಿಜ್ಯ ಬಳಕೆಯನ್ನು ನಿಷೇಧಿಸುತ್ತದೆ.

ಭಾಷೆಯ ಮಾತನ್ನು ಸಂಕೋಚದಿಂದ ಯಾರೂ ಆಡುವುದಿಲ್ಲ. ಕನ್ನಡ ಶಾಲೆಯಲ್ಲಿ ಓದಿ, ಐ.ಟಿ.ಐ.ಯಲ್ಲಿ ಎರಡು ವರ್ಷದ ಡ್ರಾಫ್ಟ್ಸ್‌ಮನ್ ತರಬೇತಿ ಪಡೆದು ಮುಂಬಯಿಗೆ ಬಂದವರಿಗೆ ನಕ್ಷೆಯ ಭಾಷೆ ಚೆನ್ನಾಗಿ ಬರುತ್ತದೆ. ವೇಗದ ಅಮೆರಿಕನ್ ಉಚ್ಚಾರದ ಇಂಗ್ಲಿಷ್ ಬರಬೇಕೆಂದಿಲ್ಲ. ಅಂತಹವರಿಗೆ ವಿಡಿಯೋಗಿಂತ ಮುದ್ರಿತ ಪುಸ್ತಕವೇ ಹಿತ. ತಮ್ಮ ವೇಗದಲ್ಲಿ ಓದಬಹುದು. ಜೊತೆಗೆ ಒಂದು ನೂರು ಪುಟದ ನೋಟ್‌ಪುಸ್ತಕದಲ್ಲಿ ಆಜ್ಞೆಯ ಹೆಸರನ್ನು ಇದ್ದಂತೆಯೇ ಬರೆದು, ಅದು ಏನು ಮಾಡುತ್ತದೆಂಬುದನ್ನು ಕನ್ನಡದಲ್ಲಿ ಬರೆದುಕೊಳ್ಳಬೇಕು. ಎಡಿವಿದ ಜಾಗವನ್ನು, ಅದರಿಂದ ಹೊರಬಂದ ಬಗೆಯನ್ನು ತಪ್ಪದೆ ಬರೆಯಬೇಕು. ಎರಡು ತಿಂಗಳಲ್ಲಿ ಅದೇ ಅವರ ಕಿರು ಕೈಪಿಡಿಯಾಗುತ್ತದೆ, ಪಕ್ಕದ ಮೇಜಿನವರೂ ಕೇಳಿ ಪಡೆಯುತ್ತಾರೆ.

ಕಚೇರಿ ನಡೆಸುವವರಿಗೆ

ಸಣ್ಣ ಕಚೇರಿಯ ಒಡೆಯರು ಸಾಮಾನ್ಯವಾಗಿ ಇಬ್ಬರು ಕಿರಿಯರನ್ನು ತರಬೇತಿಗೆ ಕಳುಹಿಸಿ, ಹಿರಿಯ ಡ್ರಾಫ್ಟ್ಸ್‌ಮನ್‌ಗಳನ್ನು ಹಳೆಯ ಕೆಲಸಕ್ಕೆ ಬಿಡುತ್ತಾರೆ. ಇದು ನನ್ನ ದೃಷ್ಟಿಯಲ್ಲಿ ವಿವೇಕದ ಕ್ರಮವಲ್ಲ. ಕಿರಿಯರಿಗೆ ಗುಂಡಿಗಳು ಬೇಗ ಒಗ್ಗುತ್ತವೆ ನಿಜ. ಆದರೆ ರೆವಿಟ್ ಪ್ರತಿ ಹೆಜ್ಜೆಯಲ್ಲಿಯೂ ಕೇಳುವುದು ಕಟ್ಟಡದ ಪ್ರಶ್ನೆಗಳನ್ನು: ಗೋಡೆ ಎಲ್ಲಿಂದ ಎಲ್ಲಿಗೆ, ಮೆಟ್ಟಿಲಿನ ಕೆಳಗೆ ತಲೆ ತಾಕುವುದೇ, ಲಿಂಟಲ್ ಯಾವ ಮಟ್ಟದಲ್ಲಿ, ಪೈಪು ಬೀಮನ್ನು ಹಾಯುವುದೇ? ಆಟೋಕ್ಯಾಡ್‌ನಲ್ಲಿ ಎರಡು ರೇಖೆ ಎಳೆದು ಮುಂದೂಡಬಹುದಾಗಿದ್ದ ಈ ಪ್ರಶ್ನೆಗಳಿಗೆ ಇಲ್ಲಿ ಮೊದಲೇ ಉತ್ತರ ಬೇಕು. ಆ ಉತ್ತರ ಇರುವುದು ಇಪ್ಪತ್ತೈದು ವರ್ಷ ಸೈಟು ನೋಡಿದವರ ತಲೆಯಲ್ಲಿ. ಹಿರಿಯರೊಬ್ಬರು, ಕಿರಿಯರೊಬ್ಬರು ಒಂದೇ ಯಂತ್ರದ ಮುಂದೆ ಜೋಡಿಯಾಗಿ ಕುಳಿತು ಒಂದು ಸಣ್ಣ ನೈಜ ಕೆಲಸವನ್ನು ಮಾಡಿದರೆ ಇಬ್ಬರೂ ಕಲಿಯುತ್ತಾರೆ. ಗಡುವು ಬಿಗಿಯಾಗಿಲ್ಲದ ಕೆಲಸವನ್ನು ಇದಕ್ಕೆ ಆರಿಸಬೇಕು. ಆರಂಭದ ತಿಂಗಳುಗಳಲ್ಲಿ ಕೆಲಸ ನಿಧಾನವಾಗುವುದು ಖಂಡಿತ. ಅದನ್ನು ಮುಂಚೆಯೇ ಗ್ರಾಹಕರ ವೇಳಾಪಟ್ಟಿಯಲ್ಲಿ ಸೇರಿಸಿಕೊಳ್ಳದೆ ಹಿರಿಯರ ಮೇಲೆ ರೇಗಿದರೆ ಏನೂ ಪ್ರಯೋಜನವಿಲ್ಲ.

ಯಂತ್ರದ ಬಗ್ಗೆ ಒಂದು ಮಾತು. ರೆವಿಟ್ ನಡೆಯುವುದು ವಿಂಡೋಸ್‌ನಲ್ಲಿ ಮಾತ್ರ, ಮತ್ತು ಆಟೋಕ್ಯಾಡ್ ಓಡಿಸುತ್ತಿದ್ದ ಹಳೆಯ ಯಂತ್ರಕ್ಕೆ ಅದು ಹೊರಲಾರದ ಭಾರ. ತರಬೇತಿಗೆಂದು ತೆಗೆದಿಟ್ಟ ಹಣದಲ್ಲಿ ಒಂದು ಭಾಗ ಮೆಮೊರಿ ಹೆಚ್ಚಿಸಲು ಹೋದೀತು ಎಂಬುದನ್ನು ಲೆಕ್ಕಕ್ಕೆ ಹಿಡಿದಿರಬೇಕು.

ಮನೆಯಲ್ಲಿಯೇ ಅಭ್ಯಾಸ ಮಾಡಬಯಸುವವರಿಗೆ ಕೆಲವು ದಿನಗಳ ಉಚಿತ ಪ್ರಯೋಗಾವಧಿ ಸಿಗುತ್ತದೆ. ಉತ್ಸಾಹದಲ್ಲಿ ಇಂದೇ ಅದನ್ನು ಆರಂಭಿಸಬಾರದು, ಏಕೆಂದರೆ ಆರಂಭಿಸಿದ ಘಳಿಗೆಯಿಂದಲೇ ದಿನಗಳ ಎಣಿಕೆ ಶುರುವಾಗುತ್ತದೆ. ಮೊದಲು ಪುಸ್ತಕ ಬರಲಿ, ಅಭ್ಯಾಸದ ಫೈಲುಗಳು ಯಂತ್ರದಲ್ಲಿ ಇಳಿಯಲಿ, ಹಳೆಯ ಬಂಗಲೆಯ ನಕ್ಷೆ ಹುಡುಕಿ ಇಟ್ಟಿರಲಿ, ಮೊದಲ ಎರಡು ಅಧ್ಯಾಯಗಳನ್ನು ಯಂತ್ರವಿಲ್ಲದೆಯೇ ಓದಿ ಮುಗಿಸಿರಲಿ. ಮುಂಬಯಿಯಲ್ಲಿರುವವರು ಗಣೇಶೋತ್ಸವದ ವಾರಗಳನ್ನೂ, ಸಂಘದ ನಾಡಹಬ್ಬದ ದಿನಗಳನ್ನೂ ಕ್ಯಾಲೆಂಡರಿನಲ್ಲಿ ಗುರುತು ಮಾಡಿ, ಅವು ಕಳೆದ ಮೇಲಿನ ಸೋಮವಾರದಿಂದ ಪ್ರಾರಂಭಿಸುವುದು ಒಳಿತು.